ಐದು ಬಳೆ, ಎರಡು ಮೆಷಿನ್ನು

ಏಪ್ರಿಲ್ ಹದಿನಾರು, ಮಂಗಳವಾರ. ಬೆಳಿಗ್ಗೆ ಒಂಬತ್ತೂಕಾಲಿಗೆ ನಾಜಿಫೆ ಎಂಬ ಹೆಂಗಸು ಕರಜಾಓರೆನ್ ಊರಿನ ಅರೆಸೇನಾ ಪೊಲೀಸ್ ಠಾಣೆಗೆ ಬಂದು, ಬಿಸ್ಕತ್ತಿನ ಖಾಲಿ ಡಬ್ಬಿಯೊಂದನ್ನು ಠಾಣಾಧಿಕಾರಿ ವೇದಾತ್ ಅವರ ಮೇಜಿನ ಮೇಲಿಟ್ಟಳು.

"ಇದರಲ್ಲಿ ಏನಿತ್ತು?" ವೇದಾತ್ ಕೇಳಿದರು.

"ನನ್ನ ಮದುವೆ ಬಳೆ. ಐದು. ಇಪ್ಪತ್ತೆರಡು ಕ್ಯಾರೆಟ್ಟು."

"ಕೊನೇ ಸಲ ನೋಡಿದ್ದು ಯಾವಾಗ?"

"ದ್ರಾಕ್ಷಿ ಕೊಯ್ಲಿನ ಟೈಮಲ್ಲಿ. ಆಮೇಲೆ ಇವತ್ತೇ ಡಬ್ಬಿ ತೆಗೆದಿದ್ದು. ಶನಿವಾರ ಮಗಳ ಮದುವೆ, ಕಮಾಂಡರ್."

ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿರಲಿಲ್ಲ. ನಮ್ಮ ಕಡೆ ಮದುವೆಯಲ್ಲಿ ಮೈಕ್ ಹಿಡಿದವನು ಯಾರು ಏನು ಕೊಟ್ಟರೆಂದು ಇಡೀ ಊರಿಗೆ ಕೇಳುವಂತೆ ಕೂಗುತ್ತಾನೆ. ತಾಯಿಯನ್ನು ಕರೆದಾಗ ತಾಯಿ ಮುಂದೆ ಬಂದು ಮಗಳ ಕೈಗೆ ಬಳೆ ತೊಡಿಸಬೇಕು. ಆ ಬಳೆ ಅಲ್ಲಿಂದ ಮುಂದೆ ಮಗಳದೇ, ಕಟ್ಟಿಕೊಂಡ ಗಂಡನೂ ಮುಟ್ಟುವಂತಿಲ್ಲ. ಹಾಗೆಂದು ಎಲ್ಲರೂ ಹೇಳುತ್ತಾರೆ. ಎಷ್ಟು ಗಂಡಂದಿರು ಮುಟ್ಟಿದ್ದಾರೆಂದು ಮಾತ್ರ ಯಾರೂ ಹೇಳುವುದಿಲ್ಲ.

"ಯಾರ ಮೇಲೆ ಅನುಮಾನ?"

"ನನ್ನ ಗಂಡನ ಮೇಲೆ."

"ಅಕ್ಕ, ಸ್ವಲ್ಪ ಯೋಚ್ನೆ ಮಾಡಿ ಹೇಳಿ."

"ಮದುವೆ ಆದಾಗಿಂದ ಯೋಚ್ನೆ ಮಾಡ್ತಾನೇ ಇದೀನಿ. ನೀವು ಬರ್ಕೊಳ್ಳಿ."

ಪೇದೆ ತೈಫುನ್ ಎಫ್‌ಐಆರ್ ಟೈಪ್ ಮಾಡತೊಡಗಿದ. ವೇದಾತ್ ಕಿಟಕಿಯ ಕಡೆ ನೋಡುತ್ತ ಕುಳಿತರು. ಹೆಂಡತಿಯ ಒಡವೆಯನ್ನು ಒಂದೇ ಸೂರಿನಡಿ ಇರುವ ಗಂಡ ತೆಗೆದುಕೊಂಡರೆ ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿಲ್ಲ. ಇದನ್ನು ಈ ಹೆಂಗಸಿಗೆ ಈಗಲೇ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಆರೋಪಿಯ ಜಾಗದಲ್ಲಿ 'ಅಪರಿಚಿತ' ಎಂದು ಬರೆಯಿಸಿದರು.

ಗಂಡ ಹುರ್ಶಿತ್‌ನನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ಬರಲಿಲ್ಲ. ದೂರಿನ ಸುದ್ದಿ ಕೇಳಿ ಹನ್ನೊಂದು ಗಂಟೆಗೆ ಅವನೇ ಬಂದ. ಕಲ್ಲಿನ ಗಣಿಯಲ್ಲಿ ಸಿಡಿಮದ್ದಿನ ಕೆಲಸ ಮಾಡಿ ಕಿವಿ ಮಂದವಾದ ಮನುಷ್ಯ. ನೂರು ವರ್ಷದ ಹಿಂದೆ ಈ ಊರು ಬಿಟ್ಟು ಹೋದ ಗ್ರೀಕರು ಚಿನ್ನ ಹೂತಿಟ್ಟಿದ್ದಾರೆಂದು ನಮ್ಮ ಕಡೆ ಹಾಲು ಕುಡಿಯುವ ಮಗುವೂ ನಂಬುತ್ತದೆ. ಹುರ್ಶಿತ್ ಅದನ್ನು ನಂಬಿ ಅರ್ಧ ಆಯುಸ್ಸು ಗುಂಡಿ ತೋಡುವುದರಲ್ಲೇ ಕಳೆದವನು.

"ಬಳೆ ಎಲ್ಲಿ?"

"ಹೊಲದಲ್ಲಿತ್ತು."

"ಇತ್ತು ಅಂದ್ರೆ?"

"ಈಗಿಲ್ಲ, ಕಮಾಂಡರ್." ಹುರ್ಶಿತ್ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ನೆಲದೊಳಗಿನ ಚಿನ್ನ ಹುಡುಕೋ ಡಿಟೆಕ್ಟರ್ ತಗೋಬೇಕು ಅಂತಿದ್ದೆ. ಎರಡು ಪಟ್ಟಣದ ಕಂಪನಿಯವರು ಬೆನ್ನು ಬಿದ್ದಿದ್ರು. ಕೈಸೇರಿಯವನ ಹತ್ರ ಇರೋದು ಸದ್ದಿನ ಮೆಷಿನ್ನು, ತುಂಬ ಆಳಕ್ಕೆ ಹೋಗುತ್ತೆ. ಅದಾನದವನದ್ದು ಪರದೆ ಮೆಷಿನ್ನು. ನೆಲದೊಳಗಿರೋದನ್ನ ಬಣ್ಣಬಣ್ಣವಾಗಿ ಟೀವಿ ಥರ ತೋರಿಸುತ್ತೆ. ಯಾವುದು ತಗೊಂಡ್ರೂ ನಾನು ಮೇಲಿನ ಹೊಲ ಮಾರ್ಬೇಕು. ತಪ್ಪು ಆರಿಸಿದ್ರೆ ಗತಿಯೇನು ಹೇಳಿ? ಅದಕ್ಕೇ ಪರೀಕ್ಷೆ ಇಟ್ಟೆ."

"ಹೆಂಡತಿ ಬಳೆ ಹೂತು?"

"ಹೊಸದಾಗಿ ಹೂತ ಚಿನ್ನ ಮೆಷಿನ್ನಿಗೆ ಕೇಳೋ ಹಾಗೆ ಕೂಗಲ್ಲ, ಕಮಾಂಡರ್. ಅದಕ್ಕೆ ನೆಲ ಒಗ್ಗಬೇಕು. ಒಂದು ಚಳಿಗಾಲ ಆದ್ರೂ ಮಣ್ಣಲ್ಲಿ ಇರ್ಬೇಕು. ಅಕ್ಟೋಬರಿನಲ್ಲೇ ಇಟ್ಟಿದ್ದೆ."

"ಒಂದು ಕಬ್ಬಿಣದ ತುಂಡು ಹೂಳೋಕೆ ಆಗ್ತಿರಲಿಲ್ವಾ?"

ಹುರ್ಶಿತ್ ಕನಿಕರದಿಂದ ವೇದಾತ್ ಅವರನ್ನು ನೋಡಿದ. "ಕಬ್ಬಿಣ ಹುಡುಕೋಕೆ ಯಾರಾದ್ರೂ ಹೊಲ ಮಾರ್ತಾರಾ?"

ತೈಫುನ್ ನಗು ತಡೆಯಲಾರದೆ ಚಹಾ ತರುವ ನೆಪದಲ್ಲಿ ಹೊರಗೆ ಹೋದ. ಪರೀಕ್ಷೆ ನಡೆದದ್ದು ಭಾನುವಾರ. ಎರಡೂ ಮೆಷಿನ್ನುಗಳು ಹೊಲವನ್ನೆಲ್ಲ ಜಾಲಾಡಿದವು, ಎರಡೂ ಸುಮ್ಮನಿದ್ದವು. ವ್ಯಾಪಾರಿಗಳಿಬ್ಬರೂ ಮಣ್ಣನ್ನು ಬೈದುಕೊಂಡು ಹೋದರು. ಸಂಜೆ ಹುರ್ಶಿತ್ ತಾನೇ ಅಗೆದು ನೋಡಿದಾಗ ಬಳೆಗಳಿರಲಿಲ್ಲ. ಅವನು ಅಂದಿನಿಂದ ಠಾಣೆಗೆ ಬರುವವರೆಗೂ ಹೊಲ ಬಿಟ್ಟು ಕದಲಿರಲಿಲ್ಲ, ಹೆಂಡತಿಗೆ ಹೇಳುವ ಧೈರ್ಯವೂ ಬಂದಿರಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಸ್ಥಳ ಪಂಚನಾಮೆ. ಪಂಚರಾಗಿ ಊರಿನ ಮುಖಂಡನನ್ನೂ ರಾಸಿಮ್ ಎಂಬವನನ್ನೂ ಕರೆಸಿದರು. ರಾಸಿಮ್ ಅರವತ್ತು ದಾಟಿದವನು, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಇದ್ದವನು, ಹುರ್ಶಿತ್‌ನ ಇಪ್ಪತ್ತು ವರ್ಷದ ನಿಧಿಬೇಟೆಯ ಜೊತೆಗಾರ. ಇಬ್ಬರೂ ಸೇರಿ ಕೊಂಡ ಹಳೆಯ ಡಿಟೆಕ್ಟರ್ ಅವನ ಮನೆಯಲ್ಲೇ ಇರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಕೇಳುವುದು ರಾಸಿಮ್, ಅಗೆಯುವುದು ಹುರ್ಶಿತ್.

ಠಾಣೆಯ ನೆಲಬಾಂಬ್ ಪತ್ತೆ ಮಾಡುವ ಯಂತ್ರವನ್ನು ಹೊಲದ ತುಂಬ ಓಡಾಡಿಸಿದರು. ಒಂದು ಕುದುರೆ ಲಾಳ ಸಿಕ್ಕಿತು. ವೇದಾತ್ ಗುಂಡಿಯ ಪಕ್ಕ ಬಿದ್ದಿದ್ದ ಹುಲ್ಲಿನ ಹೆಂಟೆಯನ್ನು ಎತ್ತಿ ನೋಡಿದರು.

"ಭಾನುವಾರ ಅಗೆಯುವಾಗ ಇದು ಹೇಗೆ ಎದ್ದಿತು?"

"ಮುಚ್ಚಳದ ಹಾಗೆ ಎದ್ದು ಬಂತು," ಎಂದ ಹುರ್ಶಿತ್.

ಹೆಂಟೆಯ ಮೂರು ಅಂಚುಗಳು ಚಾಕುವಿನಿಂದ ನೆಟ್ಟಗೆ ಕತ್ತರಿಸಿದಂತಿದ್ದವು. ನಾಲ್ಕನೆಯದು ಮಾತ್ರ ಕಿತ್ತು ಬಂದಿತ್ತು. ಯಾರೋ ಮೂರು ಕಡೆ ಕೊಯ್ದು, ಪುಸ್ತಕದ ಹಾಳೆಯಂತೆ ಹುಲ್ಲನ್ನು ಮಗುಚಿ, ಕೆಲಸ ಮುಗಿದ ಮೇಲೆ ಮತ್ತೆ ಮುಚ್ಚಿದ್ದರು. ಕಳ್ಳನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಕದ್ದುಮುಚ್ಚಿ ನೆಲ ಅಗೆದು ರೂಢಿಯಾದವರು ಹೀಗೆ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅನುಮತಿಯಿಲ್ಲದೆ ಗುಡ್ಡ ಅಗೆದದ್ದಕ್ಕೆ ಈ ಜೋಡಿಯನ್ನು ಹಿಡಿದವರು ವೇದಾತ್ ಅವರೇ. ಹುರ್ಶಿತ್ ಗುದ್ದಲಿ ಬೀಸುವುದನ್ನು ಅವರು ಕಂಡಿದ್ದರು. ಹುಲ್ಲು ಕೊಯ್ಯುತ್ತಿದ್ದವನು ಯಾರೆಂಬುದೂ ಅವರಿಗೆ ನೆನಪಿತ್ತು.

ರಾಸಿಮ್ ಪಂಚನಾಮೆಗೆ ಸಹಿ ಮಾಡಿ ಪೆನ್ನನ್ನು ವಾಪಸು ಕೊಟ್ಟ.

ವೇದಾತ್ ಅವನನ್ನು ಅಲ್ಲೇ ಹಿಡಿಯಬಹುದಿತ್ತು, ಆದರೆ ಹಿಡಿಯಲಿಲ್ಲ. ಅವರ ಲೆಕ್ಕಾಚಾರ ಬೇರೆಯಿತ್ತು. ಒಂದು ರಾತ್ರಿ ಸಮಯ ಕೊಟ್ಟರೆ ಮುದುಕ ಬಳೆಗಳನ್ನು ನಾಜಿಫೆಯ ಬಾಗಿಲ ಮುಂದಿಟ್ಟು ಹೋಗುತ್ತಾನೆ, ಮದುವೆ ಮುಗಿಯುತ್ತದೆ, ಕಡತವೂ ಮುಚ್ಚುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದರು. ಆದರೆ ನಿಯಮದಂತೆ ಹೊಲಕ್ಕೆ ಒಬ್ಬ ಸಿಪಾಯಿಯನ್ನು ಕಾವಲು ಹಾಕುವುದನ್ನು ಮರೆಯಲಿಲ್ಲ. ಎಲ್ಲ ಕೆಟ್ಟದ್ದು ಆ ಕಾವಲಿನಿಂದ.

ಬುಧವಾರ ಬೆಳಿಗ್ಗೆ ಬಾಗಿಲ ಮುಂದೆ ಏನೂ ಇರಲಿಲ್ಲ. ಹತ್ತು ಗಂಟೆಗೆ ಶೋಧನಾ ವಾರಂಟ್ ಹಿಡಿದು ವೇದಾತ್ ಮತ್ತು ತೈಫುನ್ ರಾಸಿಮ್‌ನ ಮನೆಗೆ ಹೋದರು. ಮೂಲೆಮೂಲೆ ಹುಡುಕಿದರೂ ಬಳೆ ಸಿಗಲಿಲ್ಲ. ಬಾಗಿಲ ಬಳಿ ರಾಸಿಮ್‌ನ ಬೂಟುಗಳಿದ್ದವು, ಅವುಗಳ ಮೇಲೆ ಒದ್ದೆ ಕಪ್ಪು ಮಣ್ಣು. ಹೊಲದ ಮಣ್ಣು ಕೆಂಪು. ಕಪ್ಪು ಮಣ್ಣಿರುವುದು ಊರ ಹಿಂದಿನ ಗುಡ್ಡದಲ್ಲಿ.

"ಬೆಳಿಗ್ಗೆ ಗುಡ್ಡಕ್ಕೆ ಯಾಕೆ ಹೋಗಿದ್ರಿ?"

ರಾಸಿಮ್ ಬೂಟುಗಳನ್ನು ಕಾಲಿನಿಂದ ಮೂಲೆಗೆ ಸರಿಸಿದ.

"ರಾಸಿಮಣ್ಣ, ಬಳೆ ಕದ್ದಿದ್ದು ನೀವೇ ತಾನೆ?"

"ಕದೀಲಿಲ್ಲ," ಎಂದ ರಾಸಿಮ್. "ಹುಡುಕಿದೆ."

ತೈಫುನ್ ಬರೆಯುವುದನ್ನು ನಿಲ್ಲಿಸಿದ.

"ಚಳಿಗಾಲ ಪೂರ್ತಿ ಹುರ್ಶಿತ್ ನನ್ನ ಕರೀಲಿಲ್ಲ," ಎಂದ ರಾಸಿಮ್. "ಯಾವಾಗ ನೋಡಿದ್ರೂ ಫೋನಲ್ಲಿ ಆ ಪರದೆ ಮೆಷಿನ್ನಿನ ವಿಡಿಯೊ ನೋಡ್ತಿದ್ದ. 'ಇದಿದ್ರೆ ಕೇಳೋ ತಾಪತ್ರಯಾನೇ ಇಲ್ಲ ರಾಸಿಮಣ್ಣ, ಬರೀ ಕಣ್ಣು ಸಾಕು' ಅಂದ. ಒಳ್ಳೇ ಮನಸ್ಸಲ್ಲೇ ಅಂದ. ಮಾರ್ಚಿನಲ್ಲಿ ಒಂದಿನ ಬೇಜಾರಾಗಿ ನಮ್ಮ ಹಳೇದನ್ನ ತಗೊಂಡು ಅವನ ಹೊಲಕ್ಕೆ ಹೋದೆ. ಏಪ್ರಿಕಾಟ್ ಮರದ ಹತ್ರ ಒಂದು ಸದ್ದು ಬಂತು, ಕಮಾಂಡರ್. ತುಂಬ ಆಳದಿಂದ, ತುಂಬ ಸಣ್ಣಗೆ. ಇಪ್ಪತ್ತು ವರ್ಷದಲ್ಲಿ ಅಂಥದ್ದು ಕೇಳಿರ್ಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಅಗೆದು ನೋಡಿದ್ರೆ ನನ್ನ ತಂಗಿಯಂಥ ನಾಜಿಫೆಯ ಬಳೆ."

"ವಾಪಸ್ ಯಾಕೆ ಇಡ್ಲಿಲ್ಲ?"

"ಇಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಪರೀಕ್ಷೆಯ ಸುದ್ದಿ ಕಿವಿಗೆ ಬಿತ್ತು. ಭಾನುವಾರ ಅವರಿಬ್ಬರ ಮೆಷಿನ್ನೂ ಸೋಲ್ಲಿ, ಆಮೇಲೆ ಇಟ್ಟು ಎಲ್ಲರ ಮುಂದೆ ನಮ್ಮ ಹಳೇದರಲ್ಲಿ ಕಂಡುಹಿಡೀತೀನಿ ಅಂದ್ಕೊಂಡೆ. ಆಗ ಹುರ್ಶಿತ್ ಯಾವುದನ್ನೂ ತಗೊಳ್ತಿರಲಿಲ್ಲ. ಆದ್ರೆ ಅವನು ಹೊಲ ಬಿಟ್ಟು ಏಳ್ಲೇ ಇಲ್ಲ. ಆಮೇಲೆ ನಿಮ್ಮ ಸಿಪಾಯಿ ಬಂದು ನಿಂತ."

"ನಾಜಿಫೆಯ ಮನೆ ಬಾಗಿಲಲ್ಲಿ ಇಟ್ಟು ಬರಬಹುದಿತ್ತಲ್ಲ?"

"ಬಾಗಿಲಲ್ಲಿಟ್ರೆ ನಾನು ಕಳ್ಳ ಆಗ್ತೀನಿ," ಎಂದ ರಾಸಿಮ್. ಈಗೇನಾಗಿದ್ದೀರಿ ಎಂದು ಕೇಳಬೇಕೆನಿಸಿದರೂ ವೇದಾತ್ ಕೇಳಲಿಲ್ಲ. ಶೋಧನೆಗೆ ಬರುತ್ತಾರೆಂದು ಹೆದರಿ ಅವನು ಬೆಳಗಿನ ಜಾವದ ಮಂಜಿನಲ್ಲಿ ಬಳೆಗಳನ್ನು ಗುಡ್ಡದ ಮೇಲೆ ಒಂದು ಚಪ್ಪಟೆ ಕಲ್ಲಿನಡಿ ಹೂತು ಬಂದಿದ್ದ.

ಮಧ್ಯಾಹ್ನ ಅವನನ್ನು ಗುಡ್ಡಕ್ಕೆ ಕರೆದೊಯ್ದರು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಒಂದು ಕಾಲದಲ್ಲಿ ಬೆಂಕಿ ಉಗುಳಿದ ಗುಡ್ಡ ಅದು, ಎಲ್ಲಿ ನೋಡಿದರೂ ಕಪ್ಪು ಚಪ್ಪಟೆ ಕಲ್ಲುಗಳು. ನಡುವೆ ಊರಿನವರೆಲ್ಲ ತಲೆಮಾರುಗಳಿಂದ ತೋಡಿದ ಗುಂಡಿಗಳು. ರಾಸಿಮ್ ಒಂದು ಕಲ್ಲು ಎತ್ತಿಸಿದ, ಇನ್ನೊಂದು ಎತ್ತಿಸಿದ. ಸಂಜೆಯ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತ್ತು.

"ಇಲ್ಲೇ ಇತ್ತು. ಮಂಜಲ್ಲಿ ಹೀಗಿರ್ಲಿಲ್ಲ, ಕಮಾಂಡರ್. ಮಂಜಲ್ಲಿ ಬೇರೆ ಥರ ಇತ್ತು."

ಠಾಣೆಯ ಯಂತ್ರ ಪ್ರತಿಯೊಂದು ಕಲ್ಲಿಗೂ ಕಿರುಚಿತು. ಆ ಕಲ್ಲುಗಳಲ್ಲೇ ಕಬ್ಬಿಣದ ಅಂಶವಿದೆ. ಗುರುವಾರ ಸುದ್ದಿ ತಿಳಿದು ಕೈಸೇರಿಯವನೂ ಅದಾನದವನೂ ತಮ್ಮ ತಮ್ಮ ಮೆಷಿನ್ನು ಹೊತ್ತು ಕರೆಯದೆಯೇ ಬಂದರು. ಇದಕ್ಕಿಂತ ದೊಡ್ಡ ಪರೀಕ್ಷೆ ಅವರಿಗೆ ಸಿಗುವುದುಂಟೇ? ಸದ್ದಿನ ಮೆಷಿನ್ನು ಗುಡ್ಡದ ತುಂಬ ಊಳಿಟ್ಟಿತು. ಪರದೆಯ ಮೆಷಿನ್ನಿನಲ್ಲಿ ಇಡೀ ಗುಡ್ಡ ಕೆಂಪಗೆ ಕಂಡಿತು. ರಾಸಿಮ್ ಹಳೆಯದನ್ನು ಹಿಡಿದು ಕಣ್ಣು ಮುಚ್ಚಿ ಕಿವಿಗೊಟ್ಟ, ತುಂಬ ಹೊತ್ತು ಕಿವಿಗೊಟ್ಟ, ಕೊನೆಗೆ ಹೆಡ್‌ಫೋನ್ ತೆಗೆದು ತಲೆಯಾಡಿಸಿದ. ಅವನ ಕಿವಿಗೂ ಅಲ್ಲಿ ಚಿನ್ನ ಯಾವುದು, ಕಲ್ಲು ಯಾವುದು ಎಂದು ತಿಳಿಯಲಿಲ್ಲ.

ನಾಜಿಫೆ ಮೂರು ದಿನವೂ ಮದುವೆಯ ಅಡುಗೆಗೆ ಗೋಧಿ ನೆನೆಹಾಕಿ ಬಂದು ಗುಡ್ಡದ ಬುಡದಲ್ಲಿ ನಿಂತಿರುತ್ತಿದ್ದಳು. ಶುಕ್ರವಾರ ನಾಲ್ಕು ಗಂಟೆಗೆ ವೇದಾತ್ ಹುಡುಕಾಟ ನಿಲ್ಲಿಸಿ, ಸರ್ಕಾರಿ ವಕೀಲರ ಆದೇಶದಂತೆ ರಾಸಿಮ್‌ನನ್ನು ಬಂಧಿಸಿದರು. ಆಮೇಲೆ ನಾಜಿಫೆಯ ಬಳಿ ಬಂದು, ಮಂಗಳವಾರ ಹೇಳಲಾಗದ ಮಾತನ್ನು ಹೇಳಿದರು.

ಅವಳು ಗುಡ್ಡದಿಂದ ಮುಖ ತಿರುಗಿಸಿ ಅವರನ್ನು ನೋಡಿದಳು.

"ಅಂದ್ರೆ ನನ್ನ ಡಬ್ಬಿಯಿಂದ ತೆಗೆದವನು ಮನೆಗೆ, ನೆಲದಿಂದ ತೆಗೆದವನು ಜೈಲಿಗಾ?"

"ಕಾನೂನು ಹಾಗಿದೆ, ಅಕ್ಕ."

"ನಾಳೆ ನಾನೇನು ಮಾಡ್ಲಿ?"

ವೇದಾತ್ ಅವರಿಗೆ ಹದಿನೆಂಟು ವರ್ಷದ ನೌಕರಿಯಲ್ಲಿ ಯೂನಿಫಾರ್ಮ್ ಇಷ್ಟು ಭಾರ ಅನ್ನಿಸಿದ್ದಿಲ್ಲ.

ಜೀಪು ಹೊರಡುವಾಗ ಹುರ್ಶಿತ್ ಓಡಿ ಬಂದು ಕಿಟಕಿ ಹಿಡಿದುಕೊಂಡ. ಹೊಡೆಯಲು ಬಂದನೆಂದುಕೊಂಡು ತೈಫುನ್ ಅಡ್ಡ ಕೈ ಇಟ್ಟ.

"ರಾಸಿಮಣ್ಣ, ನೀನೇ ಹೇಳು. ಎರಡರಲ್ಲಿ ಯಾವುದು ತಗೊಳ್ಳಲಿ?"

ಕೋಳ ತೊಟ್ಟ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಾಸಿಮ್ ಯೋಚಿಸಿದ. ಮೂರು ದಿನದಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಕಳೆ ಬಂದಿತ್ತು.

"ಪರದೆಯದ್ದೇ ತಗೊ," ಎಂದ. "ಇನ್ನು ನಿನಗೆ ಕೇಳಿ ಹೇಳೋರು ಯಾರಿದಾರೆ?"

ಕೃತ್ಯದ ಉದ್ದೇಶವನ್ನು ವೇದಾತ್ ರಾತ್ರಿ ವರದಿಯಲ್ಲಿ ಹೀಗೆ ಬರೆದರು: ಆರೋಪಿಗೆ ಲಾಭದ ಆಸೆ ಇರಲಿಲ್ಲ. ಹೊಸ ಯಂತ್ರ ಬಂದರೆ ಗೆಳೆಯ ತನ್ನನ್ನು ಇನ್ನು ಜೊತೆಗೆ ಕರೆಯುವುದಿಲ್ಲವೆಂದು ಹೆದರಿದ್ದ. ಮೇಲಧಿಕಾರಿಗಳು ಇದನ್ನು ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಅವರು ಬದಲಿಸಲಿಲ್ಲ.

ಶನಿವಾರದ ಮದುವೆಗೆ ತೈಫುನ್ ಹೋಗಿದ್ದ. ಬೀಗರು, ಚಿಕ್ಕಪ್ಪಂದಿರು, ಅತ್ತೆಯರು ಕೊಟ್ಟದ್ದನ್ನೆಲ್ಲ ಕೂಗಿದ ಮೇಲೆ ಮೈಕಿನವನು "ಮದುಮಗಳ ತಾಯಿ!" ಎಂದ. ನಾಜಿಫೆ ಬರಿಗೈಯಲ್ಲಿ ಮುಂದೆ ಬಂದಳು. ಮಗಳು ಸೆಲ್ದಾ ಕೈ ಚಾಚಿಯೇ ಇದ್ದಳು. ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮೈಕಿನಲ್ಲಿ ಎಲ್ಲರಿಗೂ ಕೇಳುತ್ತಿದೆ ಎಂಬ ಅರಿವಿದ್ದೇ ನಾಜಿಫೆ ಹೇಳಿದಳು:

"ನಿನ್ನ ಬಳೆ ಗುಡ್ಡದಲ್ಲಿದೆ ಮಗಳೇ. ನಿಮ್ಮಪ್ಪ ಹುಡುಕ್ತಾನೆ."

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹುರ್ಶಿತ್ ಹೌದೆಂದು ತಲೆಯಾಡಿಸಿದ.