ಜೇಬಿನಲ್ಲಿದ್ದ ಮುಖ

"ನನ್ನ ಮುಖ ಎಲ್ಲಿ?"

ಶಾಲೆಯ ಹಾಲ್‌ನಲ್ಲಿ ಫೋಟೋ ನೋಡುತ್ತಿದ್ದವರೆಲ್ಲ ತಿರುಗಿದರು. ಅಲಮೇಲು ಯಾರನ್ನೂ ಲೆಕ್ಕಿಸಲಿಲ್ಲ. ಅವಳ ಕಣ್ಣು ಫೋಟೋ ತೆಗೆದ ತೋಂಟದಾರ್ಯನ ಮೇಲೇ ಇತ್ತು.

ಅವಳು ತಮಿಳುನಾಡಿನ ಧರ್ಮಪುರಿ ಕಡೆಯಿಂದ ಅಮ್ಮನ ಸೊಂಟದ ಮೇಲೆ ಕೂತು ತಿಪಟೂರಿಗೆ ಬಂದವಳು. ಈ ಸಾವಿರದ ಒಂಬೈನೂರ ಎಂಬತ್ಮೂರಕ್ಕೆ ಬಂದು ಇಪ್ಪತ್ತು ವರ್ಷ. ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸಿ ಬಿಡಿಸಿ ಬೆರಳು ಸವೆದರೂ, ರೇಷನ್ ಕಾರ್ಡ್ ಕೇಳಿದರೆ 'ನೀವು ಹೊರಗಿನವರು' ಅನ್ನುವ ಉತ್ತರ! ಇವರು ಇಲ್ಲೇ ಇದ್ದಾರೆ ಎಂದು ಮಂಡಿ ಸಾಹುಕಾರರು ಒಂದು ಸಹಿ ಹಾಕಿದ್ದರೆ ಸಾಕಿತ್ತು. ಒಬ್ಬರೂ ಹಾಕಲಿಲ್ಲ. ಅದಕ್ಕೇ ಕಳೆದ ತಿಂಗಳು ಅಂಥ ಎಂಬತ್ತು ಮನೆಯವರು ತಾಲ್ಲೂಕು ಕಚೇರಿಗೆ ಮೆರವಣಿಗೆ ಹೋದರು. ಅರ್ಜಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದವಳು ಅಲಮೇಲು.

ಆ ಮೆರವಣಿಗೆಯ ಫೋಟೋಗಳೇ ಈಗ ಗೋಡೆ ತುಂಬ. ಆದರೆ ಮುಂದಿನ ಸಾಲಿನ ಫೋಟೋದಲ್ಲಿ ಅರ್ಜಿ ಹಿಡಿದ ಕೈ ಮಾತ್ರ ಇತ್ತು. ಭುಜದಿಂದಾಚೆ ಕತ್ತರಿ!

"ಸ್ಟುಡಿಯೋ ಇಟ್ಕಂಡ್ರೂ ನೀವು ಮರುಳಪ್ಪನೋರ ಮಗನೇ ಅಲ್ವೇನ್ರೀ? ಅಪ್ಪನ ಮಂಡಿ ಆಳು ಗೋಡೆ ಮೇಲಿದ್ರೆ ಮರ್ಯಾದೆ ಹೋಯ್ತದೆ ಅಂತ ಕತ್ತರಿಸಿದ್ರಾ?"

'ಆರು ತಿಂಗಳಿಂದ ಮಂಡಿಗೆ ಬಂದಾಗಲೆಲ್ಲ ನನ್ನನ್ನೇ ಹುಡುಕುತ್ತಿದ್ದ ಇವನ ಕಣ್ಣನ್ನಾ ನಾನು ನಂಬಿದ್ದು...' ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಹಂಗಲ್ಲ ಅಲಮೇಲು... ಮುಂದೆ ನಿಂತಿದ್ದೋಳು ಯಾರು ಅಂತ ಮಂಡಿಯೋರು ಎರಡು ಸಲ ಕೇಳ್ಕಂಡು ಬಂದ್ರು. ಗೊತ್ತಾದ್ರೆ ನಿನಗೆ ಯಾವ ಮಂಡೀಲೂ ಕೆಲಸ ಸಿಗಲ್ಲ."

ಅವನು ಅಂಗಿಯ ಜೇಬಿನಿಂದ ಒಂದು ಫೋಟೋ ಚೂರು ತೆಗೆದ. ಅವಳದೇ ಮುಖ! ತೆಗೆದು ತೆಗೆದು ನೋಡಿ ಅದರ ಮೂಲೆಗಳು ಸವೆದಿದ್ದವು.

"ಎಸೆಯೋಕೆ ಮನಸ್ಸು ಬರ್ಲಿಲ್ಲ... ನೀನಂದ್ರೆ ನಂಗೆ ಪ್ರಾಣ ಕಣೇ."

ಅಲಮೇಲುವಿನ ಎದೆ ಝಲ್ಲೆಂದಿತು. ಆದರೂ ಕರಗಲಿಲ್ಲ. ಯಾಕೆ ಕರಗಬೇಕು!

"ನಾನು ಮುಖ ಮುಚ್ಕಂಡು ನಡೀಲಿಲ್ಲ ಕಣ್ರೀ. ಹೋದ್ರೆ ನನ್ ಕೆಲಸ ಹೋಗ್ಲಿ. ನನ್ನ ಒಂದ್ ಮಾತು ಕೇಳಿದ್ರಾ? ಊರು ನೋಡ್ಲಿ ಅಂತ ಎತ್ತಿದ ಮುಖ ಇದು. ನಿಮ್ಮ ಜೇಬಲ್ಲಿ ಇಟ್ಕಳೋಕಲ್ಲ!"

ಅವನ ತಲೆ ತಗ್ಗಿತು. ಗೋಡೆಯ ಬಳಿ ಹೋಗಿ, ಚೂರನ್ನು ಫೋಟೋದ ಪಕ್ಕಕ್ಕೆ ಜೋಡಿಸಿ ಗುಂಡುಸೂಜಿ ಚುಚ್ಚಿದ.

ಗಲಾಟೆ ಕೇಳಿ ಬಂದ ಮರುಳಪ್ಪನವರು ಬಾಗಿಲಲ್ಲೇ ನಿಂತು ಗೋಡೆಯ ಫೋಟೋ ನೋಡಿದರು. "ಯಾರ್ಲಾ ಅದು? ನಮ್ಮ ಮಂಡಿ ಹುಡುಗಿ ಅಲ್ವೇನ್ಲಾ?"

"ಹೂಂ ಅಪ್ಪ, ಅಲಮೇಲು. ಇಪ್ಪತ್ತು ವರ್ಷದಿಂದ ಈ ಊರೋಳು. ಅಷ್ಟನ್ನ ಬರೆದು ಸಹಿ ಹಾಕೋಕೆ ನಿಮಗೇನು ಕಷ್ಟ? ಇವಳನ್ನ ಕೆಲಸದಿಂದ ತೆಗೆದ್ರೆ ನಾನೂ ಮನೇಲಿರಲ್ಲ. ಮದುವೆ ಅಂತ ಆದ್ರೆ ಇವಳನ್ನೇ!"

ಮರುಳಪ್ಪನವರು ಮಗನನ್ನು ದುರುಗುಟ್ಟಿ ನೋಡಿ ಹೊರಟುಹೋದರು. ಸಹಿಯ ಮಾತೇ ಆಡಲಿಲ್ಲ.

ಅಲಮೇಲು ಸೊಂಟದ ಮೇಲೆ ಕೈಯಿಟ್ಟಳು. "ಮದುವೆ ವಿಷಯಾನೂ ನನ್ನ ಕೇಳ್ಲಿಲ್ಲ ನೀವು!"

"ಈಗ ಕೇಳ್ತಾ ಇದೀನಿ... ಆಗ್ತೀಯಾ?"

"ಮೊದ್ಲು ನನ್ ಹೆಸರಲ್ಲಿ ಕಾರ್ಡ್ ಬರ್ಲಿ. ಆಮೇಲೆ ಅದಕ್ಕೆ ನಿಮ್ಮ ಹೆಸರು ಸೇರಿಸ್ತೀನಿ."

"ಅಲ್ಲೀಗಂಟ?"

ಅವಳ ತುಟಿಯಲ್ಲಿ ಮೊದಲ ಬಾರಿ ನಗು ಸುಳಿಯಿತು. "ಸೋಮವಾರ ಮತ್ತೆ ಮೆರವಣಿಗೆ ಐತೆ. ಕ್ಯಾಮೆರಾ ತಗಂಡು ಬನ್ನಿ... ಕತ್ತರಿ ಮನೇಲೇ ಇರ್ಲಿ!"