ಮೂರು ಗುಂಡಿ, ಎರಡು ಡಬ್ಬಿ

ಬಾಬಿನ್ ನೀಲಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ‘ಟಿಕ್’ ಎಂದಿತು. ಕೆಂಪು ಡಬ್ಬಿಯನ್ನು ಅಲ್ಲಾಡಿಸಿದಳು. ಅದೂ ‘ಟಿಕ್’ ಎಂದಿತು.

“ಅಂದ್ರೆ ಇದರಲ್ಲೊಂದು, ಅದರಲ್ಲೊಂದು!” ಎಂದು ಅವಳು ಪಿಸುಗುಟ್ಟಿದಳು.

ಹೊಲಿಗೆ ಮೇಜಿನ ಕೆಳಗೆ, ಬಟ್ಟೆ ಚೂರುಗಳ ಗುಡ್ಡೆಯ ನಡುವೆ ಅವಳು ಅವಿತು ಕೂತಿದ್ದಳು. ಅಪ್ಪ ಟೈಲರ್. ಯಾರದೋ ಪ್ಯಾಂಟು ಕೊಟ್ಟು ಬರಲು ಎದುರು ಬೀದಿಗೆ ಹೋಗಿದ್ದ. ಅವನು ಬರುವುದರೊಳಗೆ ಡಬ್ಬಿಗಳು ಶೆಲ್ಫಿನ ಮೇಲೆ ಇರಬೇಕು. ಇಲ್ಲದಿದ್ದರೆ ಅವಳ ಕತೆ ಮುಗಿದ ಹಾಗೇ!

ಹೊಲಿಗೆ ಮಷೀನಿನ ಹೊಟ್ಟೆಯೊಳಗೆ ದಾರ ಸುತ್ತಿದ ಪುಟ್ಟ ಚಕ್ರವೊಂದು ಇರುತ್ತದಲ್ಲ, ಅದೇ ಬಾಬಿನ್. ಮಷೀನ್ ಓಡಿದಷ್ಟು ಹೊತ್ತೂ ಗಿರಗಿರ ತಿರುಗುತ್ತಿರುತ್ತದೆ. ಮಗಳು ಅಂಬೆಗಾಲಿಡುವಾಗಲೇ ಮೇಜಿನ ಕೆಳಗೆಲ್ಲ ಗಿರಗಿರ ತಿರುಗಿದ್ದರಿಂದ ಅಪ್ಪ ಅವಳಿಗೆ ಅದೇ ಹೆಸರಿಟ್ಟ. ಈಗ ಐದನೇ ಕ್ಲಾಸು. ತಿರುಗುವುದು ಮಾತ್ರ ಇನ್ನೂ ನಿಂತಿಲ್ಲ.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಯಾವುದಾದರೂ ವಿಷಯದಲ್ಲಿ ಒಮ್ಮತಕ್ಕೆ ಬರದಿದ್ದರೆ ಜಗಳ ಆಡುವ ಹಾಗಿಲ್ಲ, ಗುಂಡಿ ಹಾಕಬೇಕು. ಅಪ್ಪನ ಗಾಜಿನ ಜಾಡಿಯಲ್ಲಿ ಬಿಳಿ ಶರ್ಟ್ ಗುಂಡಿಗಳಿವೆ, ಎಲ್ಲವೂ ಒಂದೇ ಥರದವು. ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡು, ಯಾರೂ ನೋಡದಾಗ ಬೇಕಾದ ಡಬ್ಬಿಗೆ ಹಾಕಬೇಕು. ಭಾನುವಾರ ಊಟವಾದ ಮೇಲೆ ಡಬ್ಬಿ ತೆರೆಯುವುದು. ತೆರೆದ ಮೇಲೆ ವಾದ ಇಲ್ಲ, ಮುಖ ಊದಿಸಿಕೊಳ್ಳುವುದೂ ಇಲ್ಲ. ಪರದೆ ಹಸಿರೋ ಹಳದಿಯೋ ಎನ್ನುವುದು ಹೀಗೇ ತೀರ್ಮಾನವಾಗಿತ್ತು. ಅಪ್ಪನ ಮೀಸೆ ಇರಬೇಕೋ ಬೇಡವೋ ಎನ್ನುವುದೂ ಹೀಗೇ. ಪಾಪ, ಮೀಸೆ ಸೋತಿತ್ತು.

ಆದರೆ ಈ ಸಲದ ಪ್ರಶ್ನೆ ಪರದೆ, ಮೀಸೆಯಷ್ಟು ಸಣ್ಣದಲ್ಲ. ಯಾವ ದೇಶಕ್ಕೆ ಹೋಗಿ ಬದುಕುವುದು ಎನ್ನುವ ಪ್ರಶ್ನೆ.

ಅಮ್ಮ ವೆಲ್ಡರ್. ಕಬ್ಬಿಣಕ್ಕೆ ಕಬ್ಬಿಣ ಬೆಸೆಯುವವಳು. ಅವಳ ವರ್ಕ್‌ಶಾಪ್ ಇನ್ನು ಕೆಲವು ತಿಂಗಳಲ್ಲಿ ಮುಚ್ಚುತ್ತದೆ, ಊರಲ್ಲಿ ಬೇರೆ ಕೆಲಸವೂ ಇಲ್ಲ. ಕೈಕೆಲಸ ಬಲ್ಲವರು ಬೇಕೆಂದು ಹೇಳಿದ ಎರಡು ದೇಶಗಳಿಗೆ ಅವಳು ಅರ್ಜಿ ಹಾಕಿದ್ದಳು. ಒಂದಾದರೂ ಒಪ್ಪಲಿ ಎಂದು ಹಾಕಿದರೆ ಎರಡೂ “ಬನ್ನಿ” ಅಂದುಬಿಟ್ಟವು!

ಕೆಂಪು ಡಬ್ಬಿ ಎಂದರೆ ಹಿಮದ ದೇಶ. ಅಲ್ಲಿ ಅಮ್ಮ ಹೋದ ದಿನದಿಂದಲೇ ವೆಲ್ಡರ್. ಆದರೆ ಅಪ್ಪನಿಗೆ ಕೆಲಸದ ಪರ್ಮಿಟ್ ಸಿಗಲು ವರ್ಷವಾದರೂ ಬೇಕು. ಅಲ್ಲಿಯವರೆಗೆ ಒಂದು ಶರ್ಟನ್ನೂ ಕೂಲಿಗೆ ಹೊಲಿಯುವಂತಿಲ್ಲ. ನೀಲಿ ಡಬ್ಬಿ ಎಂದರೆ ಸಮುದ್ರದ ದೇಶ. ಅಲ್ಲಿ ಅಪ್ಪ ಹೋದ ಕೂಡಲೇ ಅಂಗಡಿ ತೆರೆಯಬಹುದು. ಆದರೆ ಅಮ್ಮನ ಸರ್ಟಿಫಿಕೇಟ್ ಅಲ್ಲಿ ನಡೆಯುವುದಿಲ್ಲ. ಹೆಲ್ಪರ್ ಆಗಿ ಸೇರಿ, ಒಂದೊಂದೇ ಪರೀಕ್ಷೆ ಬರೆದು ಮತ್ತೆ ಮೇಲೆ ಬರಬೇಕು. ನಾಲ್ಕೈದು ವರ್ಷದ ಮಾತು.

ಬಾಬಿನ್‌ಗೆ ಇದೆಲ್ಲ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಪಟಪಟಿ. ಪಕ್ಕದ ಮನೆಯ ಪಟಪಟಿ, ಉಸಿರು ತೆಗೆದುಕೊಳ್ಳದೆ ಮಾತಾಡುವ ಪಟಪಟಿ, ಕಳೆದ ವರ್ಷ ಸಮುದ್ರದ ದೇಶಕ್ಕೆ ಹೋಗಿದ್ದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. “ಏಯ್, ನನ್ ಬೆಂಚಲ್ಲಿ ನಿನಗೇ ಅಂತ ಜಾಗ ಇಟ್ಟಿದೀನಿ ಕಣೇ! ಬ್ಯಾಗ್ ಇಟ್ಕೊಂಡು ಕಾಯ್ತಿದೀನಿ. ಬೇರೆ ಯಾರಾದ್ರೂ ಕೂರೋಕೆ ಬಂದ್ರೆ ಕಣ್ ಬಿಟ್ಟು ಓಡಿಸ್ತೀನಿ!”

ಅವಳು ಹೋದ ಮೇಲೆ ಬಾಬಿನ್ ಶಾಲೆಯಲ್ಲಿ ಒಬ್ಬಳೇ ಬುತ್ತಿ ತಿನ್ನುತ್ತಿದ್ದಳು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಅಮ್ಮ ಕೆಂಪು ಡಬ್ಬಿಗೇ ಹಾಕುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ. ಅಪ್ಪನದೇ ಭಯ. ಅಮ್ಮ ಸ್ವಲ್ಪ ಸಪ್ಪಗಾದರೂ ಕರಗಿಬಿಡುವ ಆಸಾಮಿ ಅವನು. ಅವನೂ ಕೆಂಪಿಗೇ ಹಾಕಿದ್ದರೆ ಒಂದು ಗುಂಡಿಯನ್ನು ನೀಲಿ ಡಬ್ಬಿಗೆ ಸಾಗಿಸಿಬಿಡೋಣ ಎಂದು ಬಾಬಿನ್ ಮೇಜಿನ ಕೆಳಗೆ ಸೇರಿದ್ದಳು.

ಈಗ ನೋಡಿದರೆ ಕದಿಯುವ ಕೆಲಸವೇ ಇಲ್ಲ! ಅತ್ತ ಒಂದು, ಇತ್ತ ಒಂದು. ತನ್ನದನ್ನು ನೀಲಿಗೆ ಹಾಕಿದರೆ ಮುಗಿಯಿತು, ಸಮುದ್ರವೇ ಗೆದ್ದ ಹಾಗೆ.

ಸುಮ್ಮನೆ ಎದ್ದು ಹೋಗಬಹುದಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ! ನೀಲಿ ಡಬ್ಬಿಯ ಮುಚ್ಚಳ ತೆಗೆದೇಬಿಟ್ಟಳು.

ಒಳಗಿದ್ದ ಬಿಳಿ ಗುಂಡಿಯ ಮೇಲೆ ಕಪ್ಪಗೆ ಹೆಬ್ಬೆರಳಿನ ಗುರುತು ಮೂಡಿತ್ತು. ಬಾಬಿನ್ ಕಣ್ಣುಜ್ಜಿಕೊಂಡಳು. ಆ ಮಸಿ ಅವಳಿಗೆ ಚೆನ್ನಾಗಿ ಗೊತ್ತು. ಅಮ್ಮ ಕೆಲಸದಿಂದ ಬಂದವಳು ಕೈ ತೊಳೆಯುವ ಮೊದಲೇ ಎಲ್ಲವನ್ನೂ ಮುಟ್ಟುತ್ತಾಳೆ. ಸ್ವಿಚ್ಚಿನ ಮೇಲೆ, ಫ್ರಿಜ್ಜಿನ ಮೇಲೆ, ಬಾಬಿನ್ನಿನ ಗಲ್ಲದ ಮೇಲೆ ಕೂಡ ಅದೇ ಹೆಬ್ಬೆರಳು.

ಗಡಿಬಿಡಿಯಲ್ಲಿ ಕೆಂಪು ಡಬ್ಬಿ ತೆರೆದಳು. ಅದರೊಳಗಿನ ಗುಂಡಿಯ ತೂತಿನಲ್ಲಿ ಒಂದು ತುಂಡು ದಾರ ಪೋಣಿಸಿ, ಪುಟ್ಟ ಗಂಟು ಹಾಕಿತ್ತು. ಅಯ್ಯೋ ಅಪ್ಪಾ! ಬಿಡಿ ಗುಂಡಿ ಕಂಡರೆ ಅವನ ಕೈ ತಾನಾಗಿಯೇ ದಾರ ಪೋಣಿಸುತ್ತದೆ. “ಬಿಡಿ ಗುಂಡಿ ಕಳೆದುಹೋಗುತ್ತೆ” ಎನ್ನುತ್ತಾನೆ. ಗುಟ್ಟಿನ ಗುಂಡಿಗೂ ಗಂಟು ಹಾಕಿಬಿಟ್ಟಿದ್ದ.

ಅಂದರೆ ಅಮ್ಮ ಸಮುದ್ರಕ್ಕೆ, ಅಪ್ಪ ಹಿಮಕ್ಕೆ! ಇಬ್ಬರೂ ಡಬ್ಬಿ ಅದಲುಬದಲು ಮಾಡಿಕೊಂಡರಾ?

ಹೊಸಿಲಲ್ಲಿ ಚಪ್ಪಲಿ ಸದ್ದಾಯಿತು. ಅವಳು ಡಬ್ಬಿಗಳನ್ನು ಶೆಲ್ಫಿಗೆ ಸೇರಿಸಿ ತಿರುಗುವುದಕ್ಕೂ ಅಪ್ಪ ಒಳಗೆ ಬರುವುದಕ್ಕೂ ಸರಿಹೋಯಿತು.

“ಯಾಕೇ, ಹಾಲು ಕುಡಿದ ಬೆಕ್ಕಿನ ಥರ ನಿಂತಿದೀಯಾ?”

“ಏನಿಲ್ಲಪ್ಪ... ಅಪ್ಪಾ, ಹಿಮದ ದೇಶಕ್ಕೆ ಹೋದ್ರೆ ನಿನಗೆ ಬೇಜಾರಾಗಲ್ವಾ? ಕೆಲಸನೇ ಇಲ್ದೆ?”

ಅಪ್ಪ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ. “ಆಗುತ್ತೆ. ಆಗಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಪರ್ಮಿಟ್ ಅನ್ನೋದು ಇವತ್ತಲ್ಲ ನಾಳೆ ಬರುತ್ತೆ ಬಿಡು. ಅಲ್ಲಿವರೆಗೂ ನಿನ್ನ ಜಡೆ ಹೆಣ್ಕೊಂಡಿರ್ತೀನಿ.” ಆಮೇಲೆ ಒಂದು ದಪ್ಪ ಚರ್ಮದ ಕೈಗವಸನ್ನು ಅವಳ ಕೈಗಿಟ್ಟ. “ತಗೋ, ಹರಿದಿದ್ದು ಸರಿ ಮಾಡಿದೀನಿ. ನಿಮ್ಮಮ್ಮನಿಗೆ ಕೊಟ್ಟು ಬಾ. ದಾರೀಲಿ ಗಿರಗಿರ ತಿರುಗ್ತಾ ನಿಂತ್ಕೋಬೇಡ.”

ವರ್ಕ್‌ಶಾಪ್ ಬೀದಿಯ ಕೊನೆಯಲ್ಲೇ ಇತ್ತು. ಅಮ್ಮ ಬಾಗಿಲ ಬಳಿ ಪೈಪುಗಳ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಮೈಮೇಲೆ ಅಪ್ಪ ಹೊಲಿದ ಚರ್ಮದ ಜಾಕೆಟ್ಟು. ಕಿಡಿ ಸಿಡಿದು ಸಿಡಿದು ಅದರ ಎದೆಯ ತುಂಬ ಕಪ್ಪು ಚುಕ್ಕಿಗಳಾಗಿದ್ದವು.

ಬಾಬಿನ್ ಪಕ್ಕದಲ್ಲಿ ಕೂತಳು. “ಅಮ್ಮಾ, ಹೆಲ್ಪರ್ ಏನ್ ಕೆಲ್ಸ ಮಾಡೋದು?”

“ರಾಡ್ ತಂದುಕೊಡೋದು, ಕಬ್ಬಿಣ ಹಿಡ್ಕೊಳ್ಳೋದು, ಗುಡಿಸೋದು. ವೆಲ್ಡಿಂಗ್ ಮಾತ್ರ ಮಾಡೋ ಹಾಗಿಲ್ಲ.”

“ನೀನೂ ಹೆಲ್ಪರ್ ಆಗಿದ್ಯಾ?”

“ಹೂಂ, ನೀನು ಹುಟ್ಟೋಕೆ ಮುಂಚೆ. ಬೇರೆಯವರು ವೆಲ್ಡ್ ಮಾಡೋದನ್ನ ನೋಡ್ತಾ ನಿಂತಿರ್ತಿದ್ದೆ, ಕೈ ತುರಿಸ್ತಿತ್ತು. ಆಗಲೇ ನಿಮ್ಮಪ್ಪ ಈ ಜಾಕೆಟ್ ಹೊಲ್ಕೊಂಡು ಬಂದ್ರು. ಹೆಲ್ಪರ್‌ಗೆ ಯಾಕ್ರೀ ಇದು ಅಂದೆ. ‘ಇದು ಹೆಲ್ಪರ್‌ಗೆ ಹೊಲಿದಿದ್ದಲ್ಲ, ವೆಲ್ಡರ್‌ಗೆ’ ಅಂದ್ರು. ಎಲ್ರೂ ನಗಾಡಿದ್ರು ಗೊತ್ತಾ?” ಅಮ್ಮ ಜಾಕೆಟ್ಟಿನ ತೋಳನ್ನು ಸವರಿಕೊಂಡಳು.

“ಮತ್ತೆ ಹೆಲ್ಪರ್ ಆಗು ಅಂದ್ರೆ ಆಗ್ತೀಯಾ?”

“ಆಗ್ಲೇಬೇಕು ಅಂದ್ರೆ ಆಗೋದಪ್ಪ. ನಿಮ್ಮಪ್ಪ ಕೈ ಕಟ್ಕೊಂಡು ಮನೇಲಿ ಕೂತಿರೋದನ್ನ ನನ್ ಕೈಲಿ ನೋಡಕ್ಕಾಗಲ್ಲ...” ಅಮ್ಮ ನಾಲಿಗೆ ಕಚ್ಚಿಕೊಂಡಳು. “ಏಯ್ ಕಳ್ಳಿ! ಗುಂಡಿ ವಿಷಯ ಬಾಯಿ ಬಿಡಿಸ್ತಿದೀಯಾ? ನಾನೇನೂ ಹೇಳಿಲ್ಲ!”

ಅಷ್ಟರಲ್ಲಿ ಒಳಗಿಂದ ಮೇಸ್ತ್ರಿ ಕೂಗಿದರು. “ಅಕ್ಕಾ, ಈ ಟ್ಯಾಂಕಿನ ಜಾಯಿಂಟ್ ನೀವೇ ಹಾಕ್ಬೇಕು. ಬೇರೆಯವರು ಹಾಕಿದ್ರೆ ನೀರು ಸೋರುತ್ತೆ.”

ಅಮ್ಮ ಎದ್ದಳು. ಹೊಸ ಹೊಲಿಗೆಯ ಕೈಗವಸು ತೊಟ್ಟಳು, ಹೆಲ್ಮೆಟ್ಟನ್ನು ಮುಖದ ಮೇಲೆ ಇಳಿಸಿಕೊಂಡಳು. ಮೇಸ್ತ್ರಿ ಬಾಬಿನ್ನನ್ನು ದೂರದಲ್ಲಿ ನಿಲ್ಲಿಸಿ, ಅವಳ ತಲೆಗೂ ಒಂದು ದೊಡ್ಡ ಹೆಲ್ಮೆಟ್ ಹಾಕಿದರು. ಅದರ ಕಪ್ಪು ಗಾಜಿನಲ್ಲಿ ಲೋಕವೆಲ್ಲ ಕತ್ತಲಾಯಿತು. ಆಮೇಲೆ ಆ ಕತ್ತಲೆಯಲ್ಲಿ ಒಂದೇ ಒಂದು ಬೆಳಕು ಹೊತ್ತಿಕೊಂಡಿತು. ಅದರ ಕೆಳಗೆ ಕಬ್ಬಿಣ ಜೇನಿನ ಹಾಗೆ ಕರಗಿ, ಅಮ್ಮನ ಕೈ ಹೋದ ಕಡೆಗೆ ಮೆಲ್ಲಗೆ ಹರಿಯಿತು.

ಚರಚರ ಸದ್ದಿನ ನಡುವೆ ಇನ್ನೊಂದು ಸದ್ದೂ ಇತ್ತು.

“ಕೇಳಿಸ್ತಾ ಪುಟ್ಟಿ? ಕೆಲಸ ಚೆನ್ನಾಗಿ ಕೂತ್ರೆ ನಿಮ್ಮಮ್ಮ ಒಳಗೊಳಗೇ ಹಾಡ್ಕೋತಾರೆ,” ಎಂದರು ಮೇಸ್ತ್ರಿ.

ಅಮ್ಮ ಹಾಡುವುದೇ! ಮನೆಯಲ್ಲಿ ಒಂದು ದಿನವೂ ಹಾಡಿದವಳಲ್ಲ. ಬಾಬಿನ್ ಆ ದೊಡ್ಡ ಹೆಲ್ಮೆಟ್ಟಿನೊಳಗೆ ಉಸಿರು ಬಿಗಿಹಿಡಿದು ಕೇಳಿದಳು. ರಾಗ ಸೊಟ್ಟಗೇ ಇತ್ತು. ಆದರೂ ನಿಲ್ಲದಿರಲಿ ಅನ್ನಿಸಿತು.

ತಣ್ಣಗಾದ ಮೇಲೆ ಅಮ್ಮ ಅವಳನ್ನು ಕರೆದು ಜಾಯಿಂಟ್ ತೋರಿಸಿದಳು. ಎರಡು ತಗಡುಗಳ ನಡುವೆ ಒಂದರ ಪಕ್ಕ ಒಂದು ಪುಟ್ಟ ಪುಟ್ಟ ಅಲೆಗಳು, ಎಲ್ಲವೂ ಒಂದೇ ಅಳತೆ. ಅಪ್ಪನ ಹೊಲಿಗೆ ಹೀಗೇ ಇರುತ್ತದಲ್ಲ ಎಂದುಕೊಂಡಳು ಬಾಬಿನ್. ಸಮುದ್ರದ ದೇಶದಲ್ಲಾದರೆ ಅಮ್ಮ ಬೇರೆಯವರ ಪಕ್ಕದಲ್ಲಿ ರಾಡ್ ಹಿಡಿದು ನಿಂತಿರುತ್ತಾಳೆ. ಅಲ್ಲಿ ಹಾಡು ಬರುತ್ತದೆಯೇ?

ಭಾನುವಾರ ಬೆಳಿಗ್ಗೆ ಪಟಪಟಿಯ ಫೋನ್ ಬಂತು. “ಇವತ್ತು ತಾನೇ ಗುಂಡಿ? ನೀಲಿಗೆ ತಾನೇ? ಏಯ್, ಯಾಕೇ ಸುಮ್ನಿದೀಯಾ?”

ಬಾಬಿನ್ ಫೋನನ್ನು ಕಿವಿಗೆ ಒತ್ತಿಕೊಂಡಳು. “ಪಟಪಟಿ... ಬ್ಯಾಗ್ ತೆಗೆದುಬಿಡೇ. ಬೇರೆ ಯಾರಾದ್ರೂ ಕೂತ್ಕೊಳ್ಳಲಿ.”

ಪಟಪಟಿ ಮಾತೇ ಆಡಲಿಲ್ಲ. ಅವಳು ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಕೊನೆಗೆ “ಸ್ವಲ್ಪ ದಿನ ಇಟ್ಟಿರ್ತೀನಿ” ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟಳು.

ಬಾಬಿನ್ ಜಾಡಿಯಿಂದ ಒಂದು ಗುಂಡಿ ತೆಗೆದುಕೊಂಡು ಶೆಲ್ಫಿನ ಮುಂದೆ ನಿಂತಳು. ಯೋಚನೆ ಬಂದಾಗ ಗುಂಡಿ ಕಚ್ಚುವುದು ಅವಳ ಚಾಳಿ. ಅವಳ ಯೂನಿಫಾರ್ಮಿಗೆ ಗುಂಡಿ ಹಾಕಿ ಹಾಕಿ ಅಪ್ಪನಿಗೆ ಸಾಕಾಗಿತ್ತು. ಈ ಗುಂಡಿಯನ್ನೂ ಕಚ್ಚಿದಳು, ತುಂಬ ಹೊತ್ತು ಕಚ್ಚಿದಳು. ಆಮೇಲೆ ಕಣ್ಣೊರೆಸಿಕೊಂಡು ಕೆಂಪು ಡಬ್ಬಿಗೆ ಹಾಕಿದಳು.

ಊಟವಾಯಿತು. ಅಪ್ಪ ಮೇಜು ಒರೆಸಿ ನೀಲಿ ಡಬ್ಬಿಯನ್ನು ಕವುಚಿದ. ಒಂದು ಗುಂಡಿ ಬಿತ್ತು. ಕೆಂಪು ಡಬ್ಬಿಯನ್ನು ಕವುಚಿದ. ಎರಡು ಬಿದ್ದವು. ಒಂದಕ್ಕೆ ದಾರದ ಗಂಟು. ಇನ್ನೊಂದರ ಅಂಚಿನಲ್ಲಿ ಪುಟ್ಟ ಪುಟ್ಟ ಹಲ್ಲಿನ ಗುರುತು!

ಬಾಬಿನ್ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಅದನ್ನು ಅವಳು ನೋಡಿಯೇ ಇರಲಿಲ್ಲ.

ಅಮ್ಮ ಆ ಗುಂಡಿಯನ್ನು ಎತ್ತಿಕೊಂಡು ಬೆರಳಿನಿಂದ ಅಂಚನ್ನು ಸವರಿದಳು. ಮಗಳ ಮುಖ ನೋಡಿದಳು. ಪಟಪಟಿಯ ಬೆಂಚು, ಸಮುದ್ರ, ಎಲ್ಲವೂ ಅಮ್ಮನಿಗೆ ಗೊತ್ತಿತ್ತು. ಅವಳ ಕಣ್ಣು ತುಂಬಿ ಬಂತು.

“ಅಲ್ಲ, ಇದು... ಇನ್ನೊಂದ್ಸಲ ಯೋಚನೆ ಮಾಡೋಣ ಕಣ್ರೀ. ಮಗು...”

“ವಾದ ಇಲ್ಲ!” ಎಂದ ಅಪ್ಪ. ಅವನ ದನಿಯೂ ಗಟ್ಟಿಯಿರಲಿಲ್ಲ. “ರೂಲ್ಸ್ ಅಂದ್ರೆ ರೂಲ್ಸ್. ನನ್ ಮೀಸೆ ಬೋಳಿಸ್ದಾಗ ನಾನೇನಾದ್ರೂ ವಾದ ಮಾಡಿದ್ನಾ? ಅವತ್ತೂ ಗುಂಡಿ ಮೇಲೆ ಕಪ್ಪು ಹೆಬ್ಬೆ...”

ಅಪ್ಪ ಅಲ್ಲಿಗೇ ಬಾಯಿ ಮುಚ್ಚಿಕೊಂಡ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಬಾಬಿನ್ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಹಾಗಾದರೆ ಪರದೆಯ ಕಾಲದಿಂದಲೂ ಇವರಿಗೆ ಎಲ್ಲ ಗೊತ್ತು! ಅಮ್ಮನ ಹೆಬ್ಬೆರಳು ಅಪ್ಪನಿಗೆ ಕಾಣುತ್ತಿತ್ತು, ಅಪ್ಪನ ಗಂಟು ಅಮ್ಮನಿಗೆ ಕಾಣುತ್ತಿತ್ತು. ಕಂಡರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ.

“ನಿಮಗೆ ಹೇಗೆ...” ಎಂದು ಕೇಳಲು ಬಾಯಿ ತೆರೆದವಳು, ಹಾಗೇ ಮುಚ್ಚಿಕೊಂಡಳು.

“ಅಪ್ಪಾ, ಅಲ್ಲಿ ಸುಮ್ನೆ ಕೂರ್ಬೇಡ. ನನಗೆ ಹೊಲಿಗೆ ಕಲಿಸು,” ಎಂದಳು.

“ಸೂಜಿ ಕಂಡ್ರೆ ಓಡಿಹೋಗೋಳು ನೀನು!”

“ಈಗ ಓಡಲ್ಲ.”

“ಸರಿ, ಹಾಗಾದ್ರೆ ಈಗಲೇ ಶುರು,” ಎಂದು ಅಪ್ಪ ದಾರ ಪೋಣಿಸಿದ ಸೂಜಿಯನ್ನು ಅವಳ ಕೈಗೆ ಕೊಟ್ಟ. ಮೇಜಿನ ಮೇಲೆ ಗುಂಡಿಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಯಾರೂ ಏನೂ ಹೇಳಿಕೊಡಲಿಲ್ಲ. ಬಾಬಿನ್ ಮೊದಲು ಕಪ್ಪು ಹೆಬ್ಬೆರಳಿನ ಗುಂಡಿಯನ್ನು ಪೋಣಿಸಿದಳು, ಆಮೇಲೆ ಅಪ್ಪನದನ್ನು, ಕೊನೆಗೆ ತನ್ನದನ್ನು. ನಾಲಿಗೆ ಹೊರಗೆ ಚಾಚಿಕೊಂಡು, ಬಿಚ್ಚಿಹೋಗದ ಹಾಗೆ ಗಂಟು ಹಾಕಿದಳು.