ಮೂರನೇ ಮಂಚದ ನಾಡಿ

ದೇವರ ಮೇಲೆ ಭಾರ ಹಾಕಿ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನಾನಾಗ ನರ್ಸಿಂಗ್ ಇಂಟರ್ನ್. ನಾಡಿ ಹಿಡಿದರೆ ಎಣಿಕೆ ತಪ್ಪುತ್ತಿತ್ತು. ಅಂದು ವಾರ್ಡಿನ ಸಿಸ್ಟರ್ ನನ್ನ ತರಬೇತಿ ಪುಸ್ತಕಕ್ಕೆ ಸಹಿ ಹಾಕದಿದ್ದರೆ ಆರು ತಿಂಗಳ ತರಬೇತಿ ಮತ್ತೆ ಮೊದಲಿಂದ.

ಮಧ್ಯಾಹ್ನ ಮೂರನೇ ಮಂಚದ ಅಜ್ಜಿಯ ನಾಡಿ ನೋಡಲು ಕಳಿಸಿದರು. ಹೆದರಿಕೆಗೆ ಮುಖವನ್ನೂ ನೋಡದೆ, ಗಡಿಯಾರವನ್ನೇ ನೋಡುತ್ತ ಎಣಿಸಿ, "ಎಪ್ಪತ್ತೆರಡು" ಎಂದೆ. ಜೊತೆಯ ಹುಡುಗಿಯರು ಕಿಸಕ್ಕನೆ ನಕ್ಕರು.

"ಅಜ್ಜಿ ಹೋಗಿ ಎರಡು ಗಂಟೆ ಆಯ್ತು ಕಣೇ," ಎಂದರು ಸಿಸ್ಟರ್. "ಡಾಕ್ಟ್ರು ಸತ್ರು ಅಂತ ಬರೆದೂ ಆಯ್ತು. ಹೆಬ್ಬೆರಳಲ್ಲಿ ಹಿಡ್ಕೊಂಡು ನಿನ್ನ ನಾಡಿನೇ ಎಣಿಸಿದ್ಯಾ, ಮಹಾತಾಯಿ?"

"ಇಲ್ಲ ಸಿಸ್ಟರ್, ಮೂರು ಬೆರಳಲ್ಲೇ ಹಿಡ್ದಿದ್ದೆ."

"ವಾದ ಬೇರೆ! ಎಲ್ರೂ ಬನ್ನಿ, ನೋಡಿ ಕಲೀರಿ."

ಅವರು ಆ ತಣ್ಣನೆಯ ಮಣಿಕಟ್ಟಿನ ಮೇಲೆ ತಾವೇ ಬೆರಳಿಟ್ಟರು. ನಗು ಅವರ ಮುಖದಿಂದ ಮೆಲ್ಲಗೆ ಇಳಿಯಿತು. ಕೈ ತೆಗೆಯಲಿಲ್ಲ. ಪೂರ್ತಿ ಒಂದು ನಿಮಿಷ ತುಟಿ ಅಲುಗಿಸುತ್ತ ಎಣಿಸಿದರು.

"ಎಪ್ಪತ್ತೆರಡು. ಸರಿ ಇದೆ," ಎಂದು ನನ್ನ ಪುಸ್ತಕಕ್ಕೆ ಸಹಿ ಹಾಕಿದರು.

ಆಮೇಲೆ ಅಜ್ಜಿಯ ಮುಖದ ಮೇಲೆ ಹೊದಿಕೆ ಎಳೆದು, "ಬೇಗ ತಗೊಂಡು ಹೋಗಿ ಶವಾಗಾರದ ಫ್ರೀಜರಿಗೆ ಹಾಕಿ," ಎಂದರು.

ಸಹಿ ಸಿಕ್ಕ ಖುಷಿಯಲ್ಲಿ, ಗಾಡಿ ತಳ್ಳಲು ನಾನೂ ಕೈಜೋಡಿಸಿದೆ.